ಹುಣಸೆಹಣ್ಣಿನಲ್ಲಿ ತೊಳೆದ ತಿರುಪು

ಟೆಲಿಸ್ಕೋಪು ನನ್ನದು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಅಹಮದಾಬಾದಿನ ವಸ್ತ್ರಾಪುರದಲ್ಲಿರುವ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಯಾರನ್ನು ಕೇಳಿದರೂ ಅದನ್ನು ‘ಸಾಹೇಬರ ದೂರ್‌ಬೀನು’ ಎಂದೇ ಹೇಳುತ್ತಾರೆ. ಸಾಹೇಬರು ಅಂದರೆ ನನ್ನ ಗಂಡ. ಬಾಹ್ಯಾಕಾಶಕ್ಕೆ ಸಂಬಂಧಪಟ್ಟ ಸರ್ಕಾರಿ ಕಚೇರಿಯಲ್ಲಿ ಎಂಜಿನಿಯರು. ಅಷ್ಟಕ್ಕೇ ಆಕಾಶವೆಲ್ಲ ಅವರದೇ ಎಂದು ಜನ ತೀರ್ಮಾನಿಸಿಬಿಟ್ಟಿದ್ದಾರೆ. ಅವರ ಕೆಲಸವಿರುವುದು ಉಪಗ್ರಹದೊಳಗಿನ ಯಾವುದೋ ವಿದ್ಯುತ್ ಪೆಟ್ಟಿಗೆಯ ಜೊತೆ. ಕೃತ್ತಿಕೆ ಯಾವುದು, ರೋಹಿಣಿ ಯಾವುದು ಎಂದು ಮದುವೆಯಾದ ಹೊಸದರಲ್ಲಿ ಬೆರಳು ಮಾಡಿ ತೋರಿಸಿಕೊಟ್ಟವಳು ನಾನು, ಶಾಲೆಯಲ್ಲಿ ಗಣಿತ ಹೇಳಿಕೊಡುವವಳು.

ವಡೋದರಾದಲ್ಲಿ ಓದು ಮುಗಿಸಿ ಊರಿಗೆ ಹೊರಟಿದ್ದ ವಿದ್ಯಾರ್ಥಿಯೊಬ್ಬನಿಂದ ಅದನ್ನು ನನ್ನ ಸಂಬಳದಲ್ಲಿ ಕೊಂಡೆ. ಗೀಸರಿನಷ್ಟು ದಪ್ಪ, ಐದನೇ ತರಗತಿಯ ಮಗುವಿನಷ್ಟು ಉದ್ದದ ಕೊಳವೆ. ಕಾರಿನ ಹಿಂದಿನ ಸೀಟಿನಲ್ಲಿ ಅದನ್ನು ಮಲಗಿಸಿ, ಬೆಲ್ಟು ಹಾಕಿ, ವಡೋದರಾದಿಂದ ಅಹಮದಾಬಾದಿನವರೆಗೆ ನಾನು ಅದರ ಪಕ್ಕದಲ್ಲೇ ಮುದುಡಿ ಕೂತು ಬಂದೆ. ಮುಂದಿನ ಸೀಟಿನಲ್ಲಿ ಅತ್ತೆ ಕೂತಿದ್ದರು. ಹಿಂದೆ ತಿರುಗಿ ತಿರುಗಿ ನೋಡಿ, ‘ಬಾಣಂತೀನ ಕರ್ಕೊಂಡು ಬಂದ ಹಾಗಾಯ್ತು’ ಎಂದರು.

ಈ ಜಾತಿಯ ಟೆಲಿಸ್ಕೋಪಿನಲ್ಲಿ ಎರಡು ಕನ್ನಡಿಗಳಿರುತ್ತವೆ. ತಳದಲ್ಲಿ ತಟ್ಟೆಯಷ್ಟು ದೊಡ್ಡದು, ಬಾಯಿಯ ಹತ್ತಿರ ಸಣ್ಣದು. ಎರಡೂ ಒಂದನ್ನೊಂದು ನೆಟ್ಟಗೆ ನೋಡುತ್ತಿರಬೇಕು. ಒಂದು ಕೂದಲೆಳೆ ಮುಖ ತಿರುಗಿಸಿದರೂ ನಕ್ಷತ್ರಕ್ಕೆ ಬಾಲ ಬರುತ್ತದೆ, ಗ್ರಹ ಹಿಂಜಿದ ಹತ್ತಿಯಾಗುತ್ತದೆ. ಮೆಟ್ಟಿಲು ಹತ್ತಿಸಿ ಇಳಿಸಿದರೆ ಸಾಕು, ಮುಖ ತಿರುಗಿಸಿಬಿಡುತ್ತವೆ. ಮತ್ತೆ ಒಲಿಸಲು ಮುಂದೆ ಮೂರು, ಹಿಂದೆ ಮೂರು ತಿರುಪುಗಳಿವೆ. ತಿರುಪಿನ ತಲೆಯಲ್ಲಿ ಆರು ಮೂಲೆಯ ಗುಳಿ. ಆ ಗುಳಿಗೆ ಕೂರುವುದು ಎಲ್ ಆಕಾರದ ಕಡ್ಡಿ, ಅಲೆನ್ ಕೀ. ಅದನ್ನು ನಮ್ಮವರು ತಮ್ಮ ಸ್ಕೂಟರಿನ ಕೀಲಿಗೊಂಚಲಿಗೆ ಹಾಕಿಕೊಂಡುಬಿಟ್ಟರು. ‘ಕಳ್ದೋಗತ್ತೆ ಕಣೆ, ನನ್ನ ಹತ್ರಾನೇ ಇರಲಿ.’ ಹೀಗೆ ಟೆಲಿಸ್ಕೋಪು ನನ್ನದಾಗಿಯೂ ಕೀಲಿ ಅವರದಾಯಿತು. ಅವರು ಟೂರಿಗೆ ಹೋದರೆ ನನ್ನ ಆಕಾಶಕ್ಕೆ ಬೀಗ.

ಅವರಿದ್ದಾಗಲೂ ಸುಖವೇನಿರಲಿಲ್ಲ. ಒಬ್ಬರು ಮುಂದೆ ಕಣ್ಣಿಟ್ಟು ನೋಡಬೇಕು, ಇನ್ನೊಬ್ಬರು ಹಿಂದೆ ಕೂತು ತಿರುಪು ತಿರುಗಿಸಬೇಕು. ಮೈಸೂರಿನ ಅವರು, ಧಾರವಾಡದ ನಾನು, ನಡುವೆ ಆ ಉದ್ದನೆಯ ಕೊಳವೆ.

‘ಎಡಕ್ಕ ತಿರುವ್ರಿ.’

‘ನನ್ನ ಎಡಾನಾ, ನಿನ್ನ ಎಡಾನಾ?’

‘ಎಡ ಅಂದ್ರ ಎಡಾ ರೀ!’

‘ಅದರಲ್ಲಿ ಎಲ್ಲಾ ಉಲ್ಟಾ ಕಾಣತ್ತೆ, ಗೊತ್ತಾ ನಿಂಗೆ?’

ಗೊತ್ತಿಲ್ಲದೆ ಏನು, ನಾನೇ ಹೇಳಿಕೊಟ್ಟದ್ದು. ಒಮ್ಮೆ ಬಾಯಿಯ ಕಡೆಯ ತಿರುಪು ತಿರುಗಿಸುವಾಗ ಕೀಲಿ ಅವರ ಕೈಜಾರಿ ಕೊಳವೆಯೊಳಗೇ ಬಿತ್ತು. ಠಣ್ ಎಂಬ ಸದ್ದಿಗೆ ನನ್ನ ಜೀವ ಬಾಯಿಗೆ ಬಂತು. ಪುಣ್ಯಕ್ಕೆ ಕನ್ನಡಿಯ ಅಂಚಿನ ತಗಡಿಗೆ ತಾಗಿ ನಿಂತಿತ್ತು. ‘ನೀನು ಟಾರ್ಚು ಅಲ್ಲಾಡಿಸಿದ್ದಕ್ಕೇ ಹೀಗಾಗಿದ್ದು’ ಎಂದರು ಸಾಹೇಬರು. ಎರಡು ದಿನ ಮಾತು ಬಿಟ್ಟೆ.

ಇನ್ನು ಶರದ್ ಪೂನಮ್. ನಮ್ಮ ಕಡೆಯ ಸೀಗಿ ಹುಣ್ಣಿಮೆ ದಿನವೇ ಇಲ್ಲಿ ಆ ಹಬ್ಬ. ಸಂಜೆ ಅಪಾರ್ಟ್‌ಮೆಂಟಿನ ಹೆಂಗಸರೆಲ್ಲ ಧಾಬುವಿಗೆ, ಅಂದರೆ ತಾರಸಿಗೆ ಹತ್ತುತ್ತಾರೆ. ಹಾಲಿನಲ್ಲಿ ನೆನೆಸಿದ ಅವಲಕ್ಕಿಯನ್ನು ಬೆಳದಿಂಗಳಿಗಿಟ್ಟು ತಿಂದು, ಆಮೇಲೆ ಕೆಳಗೆ ಗರ್ಬಾಕ್ಕೆ ಇಳಿಯುತ್ತಾರೆ. ಹಿಂದಿನ ವರ್ಷ ನಾನು ಹುಮ್ಮಸ್ಸಿನಲ್ಲಿ ‘ಶನಿಯ ಬಳೆ ತೋರಿಸುತ್ತೇನೆ’ ಎಂದು ಎಲ್ಲರನ್ನೂ ಸಾಲು ನಿಲ್ಲಿಸಿದ್ದೆ. ಸಾಹೇಬರು ಕೀಲಿಯೊಂದಿಗೆ ಬೆಂಗಳೂರಿನಲ್ಲಿದ್ದರು. ಕನ್ನಡಿಗಳು ಮೆಟ್ಟಿಲಲ್ಲೇ ಮುಖ ತಿರುಗಿಸಿಕೊಂಡಿದ್ದವು. ಕಂಡದ್ದು ಒಂದು ಹಳದಿ ಕಲೆ, ಬಟ್ಟೆಗೆ ಸಾರು ಬಿದ್ದಂತೆ. ಎದುರುಮನೆಯ ಬೆನ್, ಅಂದರೆ ಅಕ್ಕ, ನೋಡಿ ‘ಸರಸ್ ಛೇ’, ಚೆನ್ನಾಗಿದೆ, ಎಂದರು. ಅವರ ಹಿಂದಿನವರೂ ‘ಸರಸ್ ಛೇ’. ಸಾಲಿಗೆ ಸಾಲೇ ಮರ್ಯಾದೆಯಿಂದ ಸುಳ್ಳು ಹೇಳಿತು. ಬೈದಿದ್ದರೂ ಅಷ್ಟು ನೋವಾಗುತ್ತಿರಲಿಲ್ಲ. ಕೊನೆಯಲ್ಲಿ ಒಬ್ಬರು, ‘ಮುಂದಿನ ಸಲ ಸಾಹೇಬರು ಇರುವಾಗ ಇಡಿ’ ಎಂದು ಸಮಾಧಾನ ಹೇಳಿ ಹೋದರು. ಆವತ್ತೇ ನಿಶ್ಚಯಿಸಿದೆ. ಮುಂದಿನ ಪೂನಮ್‌ಗೆ ನನ್ನ ಟೆಲಿಸ್ಕೋಪನ್ನು ನಾನೇ ಸರಿಮಾಡಿ, ನಾನೊಬ್ಬಳೇ ಶನಿಯನ್ನು ತೋರಿಸಬೇಕು.

ನನ್ನ ತಮ್ಮ ಸೂರತ್ತಿನ ಉಧ್ನಾದಲ್ಲಿ, ಮಗ್ಗದ ಬಿಡಿಭಾಗ ಮಾಡುವ ಕಾರ್ಖಾನೆಯೊಂದರಲ್ಲಿದ್ದಾನೆ. ಅವನಿಗೆ ತಿರುಪಿನ ಫೋಟೋ, ಅಳತೆ ಎಲ್ಲ ಕಳಿಸಿದೆ. ಅವನು ಲೇತಿನಲ್ಲಿ ಹಿತ್ತಾಳೆಯ ತಿರುಪುಗಳನ್ನು ಮಾಡಿಸಿ, ನವರಾತ್ರಿಯ ಮೊದಲ ದಿನ ಘಾರಿಯ ಡಬ್ಬಿಯ ಜೊತೆ ಹಿಡಿದುಕೊಂಡು ರೈಲಿನಲ್ಲಿ ಬಂದ. ಸೂರತ್ತಿನವರ ಆ ತುಪ್ಪದ ಸಿಹಿಯನ್ನು ಅತ್ತೆ ಬಿಚ್ಚಿದರು, ತಿರುಪುಗಳನ್ನು ನಾನು ಬಿಚ್ಚಿದೆ. ಒಂದೊಂದರ ತಲೆಯೂ ಹುಣಸೆಬೀಜಕ್ಕಿಂತ ದೊಡ್ಡದು, ದುಂಡಗೆ, ಬೆರಳು ಜಾರದಂತೆ ಅಂಚಿಗೆಲ್ಲ ಸಣ್ಣ ಗೀರು.

‘ಅಕ್ಕಾ, ಇನ್ನ ಮ್ಯಾಲೆ ಮಾಮಾನ ಕೀಲಿ ಕಾಯೂದು ಬ್ಯಾಡ’ ಎಂದ ತಮ್ಮ. ‘ಬರೇ ಬೆರಳಿಂದ ತಿರುವಿದ್ರ ಮುಗೀತು.’

ಮಾಮ, ಅಂದರೆ ನಮ್ಮವರು, ಅಲ್ಲೇ ಕೂತು ಘಾರಿ ತಿನ್ನುತ್ತಿದ್ದರು. ಒಂದು ತಿರುಪನ್ನು ಎತ್ತಿ, ಕನ್ನಡಕ ಹಣೆಗೇರಿಸಿ, ತಿರುಗಿಸಿ ನೋಡಿದರು. ಅವರ ಮುಖ ಸಣ್ಣದಾದದ್ದು ನನಗೆ ಕಂಡಿತು. ‘ಕಂಪ್ನಿಯೋರು ಸುಮ್ನೆ ಕೀಲಿ ಇಟ್ಟಿರ್ತಾರಾ? ಸಿಕ್ಕಿದೋರೆಲ್ಲ ಕೈ ಹಾಕ್ಬಾರ್ದು ಅಂತ್ಲೇ ಇಟ್ಟಿರೋದು.’

‘ಸಿಕ್ಕವರಂದ್ರ ಯಾರ್ರೀ? ಮನ್ಯಾಗ ಇರೋದು ನಾನು, ನಿಮ್ಮವ್ವ.’

ಅಷ್ಟಾದರೂ ಆ ಭಾನುವಾರ ಇಬ್ಬರೂ ಸೇರಿ ಹಳೆಯವನ್ನು ತೆಗೆದು ಹೊಸವನ್ನು ಹಾಕಿದೆವು. ಎಡಬಲದ ಜಗಳವನ್ನು ಯಥಾಪ್ರಕಾರ ಆಡಿ ಎರಡೂ ಕನ್ನಡಿಗಳನ್ನು ಒಲಿಸಿದೆವು. ಬಾಯಿಗೆ ಮುಚ್ಚಳ ಹಾಕಿ, ಹಳೆಯ ಬೆಡ್‌ಶೀಟು ಹೊದಿಸಿ, ನಡುಮನೆಯ ಮೂಲೆಯಲ್ಲಿ ನಿಲ್ಲಿಸಿದೆ. ಮೆಟ್ಟಿಲು ಹತ್ತಿಸಿದ ಮೇಲೆ ಒಂದು ಚೂರು ತಿದ್ದಿದರೆ ಸಾಕು ಎಂಬ ಧೈರ್ಯ ನನಗೆ.

ನವಮಿಯ ದಿನ ಅತ್ತೆ ಆಯುಧಪೂಜೆ ಮಾಡಿದರು. ನಮ್ಮ ಧಾರವಾಡದ ಕಡೆ ಖಂಡೇಪೂಜೆ ಎನ್ನುತ್ತೇವೆ, ಗಾಡಿ ತೊಳೆದು, ಕುಡುಗೋಲು ಚಾಕು ಇಟ್ಟು ಮುಗಿಸುತ್ತೇವೆ. ಮೈಸೂರಿನ ಅತ್ತೆಯ ಕೈಯಿಂದ ಯಾವುದೂ ತಪ್ಪಿಸಿಕೊಳ್ಳುವಂತಿಲ್ಲ. ಮಿಕ್ಸಿ, ಕುಕ್ಕರು, ಇಸ್ತ್ರಿಪೆಟ್ಟಿಗೆ, ನನ್ನ ಲ್ಯಾಪ್‌ಟಾಪು, ಸ್ಕೂಟರು, ಎಲ್ಲಕ್ಕೂ ಸ್ನಾನ, ಅರಿಶಿನ, ಕುಂಕುಮ. ಶಾಲೆಯಿಂದ ಬಂದಾಗ ಟೆಲಿಸ್ಕೋಪಿನ ಬೆಡ್‌ಶೀಟಿನ ಮೇಲೆ ಚೆಂಡುಹೂವಿನ ಹಾರ ನೋಡಿದೆ. ಎಷ್ಟು ಪ್ರೀತಿಯಿಂದ ಹಾಕಿದ್ದಾರಲ್ಲ ಎಂದು ಖುಷಿಯಾಯಿತು. ಶೀಟು ಎತ್ತಿ ನೋಡಲಿಲ್ಲ. ದಶಮಿ ಮುಗಿಸಿ ಸಾಹೇಬರು ಮತ್ತೆ ಬೆಂಗಳೂರಿಗೆ ಹೋದರು, ಅಭ್ಯಾಸಬಲದಿಂದ ಕೀಲಿಗೊಂಚಲು ಜೇಬಿಗೆ ಹಾಕಿಕೊಂಡೇ.

ಪೂನಮ್ ಸಂಜೆ, ಇನ್ನೂ ಬೆಳಕಿರುವಾಗಲೇ, ಅತ್ತೆ ಮತ್ತು ನಾನು ಕೊಳವೆಯನ್ನೂ ಸ್ಟ್ಯಾಂಡನ್ನೂ ಮೇಲೆ ಸಾಗಿಸಿದೆವು. ಶೀಟು ತೆಗೆದೆ. ಹಿತ್ತಾಳೆ ತಿರುಪುಗಳು ದೇವರ ದೀಪದಂತೆ ಥಳಥಳ ಹೊಳೆಯುತ್ತಿದ್ದವು.

‘ಅತ್ತೆ, ಇವು ಹಿಂಗ್ಯಾಕ ಹೊಳ್ಯಾಕತ್ತಾವ?’

‘ಹುಣಸೆಹಣ್ಣು ಹಾಕಿ ಉಜ್ಜಿದೆ ಕಣೆ’ ಎಂದರು ಅತ್ತೆ, ಹೆಮ್ಮೆಯಿಂದ. ‘ಕೈಬೆರಳಿನ ಕಲೆ ಆಗಿತ್ತು. ಆಯುಧಪೂಜೆಗೆ ಕೊಳಕು ಇಡೋಕಾಗತ್ತಾ? ಮುಂಚೆಯೆಲ್ಲ ಬಿಚ್ಚೋಕೆ ಬರ್ತಿರ್ಲಿಲ್ಲ, ಮೇಲೇ ಒಂದು ಬೊಟ್ಟು ಇಡ್ತಿದ್ದೆ. ಈ ಸಲ ಕೈಯಲ್ಲೇ ಬಂತಲ್ಲ!’

‘ಹಿಂದಿನ ತುದಿಯವೂ ಬಿಚ್ಚೀರೇನ?’

‘ಬಿಚ್ಚೋಕೆ ಹೋದೆ. ಒಳಗೇನೋ ಗಡಗಡ ಅಂತು. ಭಯ ಆಗಿ ಎಲ್ಲಾನೂ ಗಟ್ಟಿಯಾಗಿ ಬಿಗಿದು, ಹಾಗೇ ಉಜ್ಜಿಬಿಟ್ಟೆ.’

ನಡುವೆ ಸಣ್ಣ ತೂತಿರುವ ಕಪ್ಪು ಮುಚ್ಚಳವನ್ನು ಕಣ್ಣಿಡುವ ಜಾಗಕ್ಕೆ ಸಿಕ್ಕಿಸಿ ನೋಡಿದೆ. ಎಲ್ಲ ನೆಟ್ಟಗಿದ್ದರೆ ವೃತ್ತದೊಳಗೆ ವೃತ್ತ, ನಟ್ಟನಡುವೆ ದೊಡ್ಡ ಕನ್ನಡಿಯ ಚುಕ್ಕೆ ಕಾಣಬೇಕು. ಕಂಡದ್ದು ಕೊಳವೆಯ ಒಳಗೋಡೆ. ಅಳು ಬಂದಷ್ಟೇ ಸಿಟ್ಟೂ ಬಂತು. ಅದೇ ಹೊತ್ತಿಗೆ ಬೆಂಗಳೂರಿನಿಂದ ಸಾಹೇಬರ ಫೋನು ಬಂತು.

‘ಎಲ್ಲಾ ಸರಿ ಇದೆ ತಾನೇ? ಯಾರೂ ಮುಟ್ಟಿಲ್ವಲ್ಲ?’

ಸಿಕ್ಕಿದವರೆಲ್ಲ ಕೈ ಹಾಕಬಾರದೆಂದೇ ಕೀಲಿ ಎಂಬ ಮಾತು ಇಬ್ಬರಿಗೂ ನೆನಪಿತ್ತು. ಸಿಕ್ಕಿದವರು ನನ್ನೆದುರೇ ನಿಂತು ಸೆರಗಿನಿಂದ ಇನ್ನೊಮ್ಮೆ ತಿರುಪು ಒರೆಸುತ್ತಿದ್ದರು. ‘ಯಾರು ಮುಟ್ತಾರ್ರೀ? ನೀವು ಬಿಟ್ಟು ಹೋದಂಗ ಐತಿ’ ಎಂದು ಫೋನಿಟ್ಟೆ. ಅತ್ತೆ ನನ್ನ ಮುಖ ನೋಡಿದರು. ‘ಕೆಟ್ಟೋಯ್ತಾ?’ ಎಂದರು. ಆ ದನಿಯಲ್ಲಿ ಹೆಮ್ಮೆ ಪೂರ್ತಿ ಇಳಿದುಹೋಗಿತ್ತು. ನನ್ನ ಸಿಟ್ಟು ಅಲ್ಲಿಗೆ ಅರ್ಧ ಕರಗಿತು, ಉಳಿದರ್ಧವನ್ನು ಕೆಲಸಕ್ಕೆ ಹಾಕಿದೆ.

ಬಾಯಿಯ ಕಡೆಯ ಸಣ್ಣ ಕನ್ನಡಿ ಮೊದಲು. ಕಣ್ಣನ್ನು ತೂತಿನಿಂದ ಕೀಳದೆಯೇ ಕೈಚಾಚಿ ತಿರುಪು ಹಿಡಿದೆ. ಗುಳಿ ಹುಡುಕುವ ಕಷ್ಟವಿಲ್ಲ, ಕೀಲಿ ಬೀಳುವ ಹೆದರಿಕೆಯಿಲ್ಲ. ಒಂದನ್ನು ಸಡಿಲಿಸಿ ಇನ್ನೊಂದನ್ನು ಒತ್ತಿದರೆ ವೃತ್ತ ಹೇಳಿದ ಮಾತು ಕೇಳಿಕೊಂಡು ಸರಿಯುತ್ತಿತ್ತು. ಇಷ್ಟು ವರ್ಷ ಈ ಸುಖವನ್ನು ಒಂದು ಕಡ್ಡಿಗಾಗಿ ಬಿಟ್ಟುಕೊಟ್ಟಿದ್ದೆನಲ್ಲ ಎನಿಸಿತು. ತಮ್ಮನಿಗೆ ಮನಸ್ಸಿನಲ್ಲೇ ಒಂದು ಡಬ್ಬಿ ಧಾರವಾಡ ಪೇಡೆಯ ಹರಕೆ ಹೇಳಿಕೊಂಡೆ.

ಆದರೆ ದೊಡ್ಡ ಕನ್ನಡಿಯ ತಿರುಪು ಕೊಳವೆಯ ಆ ತುದಿಗೆ. ಕಣ್ಣು ಇಲ್ಲಿ, ಕೈ ಅಲ್ಲಿ ಇರಬೇಕು. ನನ್ನ ತೋಳು ಅಷ್ಟು ಉದ್ದವಿಲ್ಲ. ಓಡಿ ಹೋಗಿ ತಿರುಗಿಸಿ ಓಡಿ ಬಂದು ನೋಡಿದೆ. ಚುಕ್ಕೆ ಇನ್ನೊಂದು ಕಡೆಗೆ ಹೋಗಿತ್ತು. ಮತ್ತೆ ಓಡಿದೆ. ಕೆಳಗೆ ಗರ್ಬಾದ ಮೈಕಿನವನು ‘ಹಲೋ, ಚೆಕ್’ ಎನ್ನಲು ಶುರುಮಾಡಿದ್ದ. ಕತ್ತಲಾದರೆ ಈ ವೃತ್ತಗಳು ಕಾಣುವುದಿಲ್ಲ. ಒಬ್ಬಳೇ ಮಾಡುತ್ತೇನೆ ಎಂದ ಜಂಭ ಅಲ್ಲೇ ಏದುಸಿರು ಬಿಡುತ್ತಾ ನಿಂತಿತು.

ಅತ್ತೆ ಹಿಂದಿನ ತುದಿಗೆ ಹೋಗಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ಚಕ್ಕಳಮಕ್ಕಳ ಕೂತರು. ‘ಹೇಳು, ಯಾವುದು?’

‘ಎಡಕ್ಕಿರೋದು, ಬಲಕ್ಕ ತಿರುವ್ರಿ...’

‘ಎಡ ಬಲ ಎಲ್ಲಾ ಬೇಡ ನಂಗೆ. ಇದು ಟ್ಯಾಂಕಿನ ಕಡೇದು, ಇದು ಮೆಟ್ಟಿಲ ಕಡೇದು, ಇದು ನೆಲದ ಕಡೇದು. ಯಾವುದನ್ನ ಬಿಗಿ ಮಾಡ್ಲಿ, ಯಾವುದನ್ನ ಸಡಿಲ ಮಾಡ್ಲಿ, ಅಷ್ಟು ಹೇಳು.’

ಎಂಜಿನಿಯರೂ ಗಣಿತದ ಟೀಚರೂ ಸೇರಿ ಇಷ್ಟು ವರ್ಷ ಕಿತ್ತಾಡಿದ ಸಮಸ್ಯೆ ಅಲ್ಲಿಗೆ ಮುಗಿಯಿತು. ಟ್ಯಾಂಕಿನದು ಸಡಿಲ. ಇನ್ನೊಂದು ಚೂರು. ಮೆಟ್ಟಿಲದು ಬಿಗಿ. ಸಾಕು, ಸಾಕು. ಚುಕ್ಕೆ ತೂಗಾಡುತ್ತಾ ಬಂದು ನಡುವೆ ನಿಂತಿತು. ‘ನಿಂತ್ತು ಅತ್ತೆ!’ ಎಂದು ಕೂಗಿದೆ. ಅವರು ಕೈಯನ್ನು ಹಾಗೇ ಮೇಲೆತ್ತಿ, ಉಸಿರು ಬಿಗಿಹಿಡಿದು, ‘ಮುಟ್ಟಲ್ಲ, ಮುಟ್ಟಲ್ಲ’ ಎಂದರು.

ಕತ್ತಲಾಗುತ್ತಲೇ ಹಾಲು ಅವಲಕ್ಕಿಯ ಪಾತ್ರೆಗಳೊಂದಿಗೆ ಹೆಂಗಸರು ಬಂದರು. ಆ ವರ್ಷ ಶನಿಯ ಬಳೆ ನಮ್ಮ ಕಡೆಗೆ ಅಂಚು ತಿರುಗಿಸಿತ್ತು, ಎಳೆಯಷ್ಟು ತೆಳು. ಕನ್ನಡಿ ಕೊಂಚ ಓರೆಯಾಗಿದ್ದರೂ ಕಾಣುವಂಥದ್ದಲ್ಲ. ಎದುರುಮನೆಯ ಬೆನ್ ಬಗ್ಗಿ ನೋಡಿದರು. ನಾನು ‘ಸರಸ್ ಛೇ’ಗಾಗಿ ಹೆದರಿ ಕಾದೆ. ಅವರು ಕಣ್ಣು ತೆಗೆದು ಬರಿಗಣ್ಣಿನಿಂದ ಆಕಾಶ ನೋಡಿದರು, ಮತ್ತೆ ಬಗ್ಗಿದರು. ‘ಅರೇ, ಆ ತೋ ಸಾಚೂ ಛೇ!’ ಇದು ನಿಜವಾಗಿಯೂ ಇದೆ ಎಂಬ ಕೂಗು. ಸಾಲು ಮುರಿದು ಎಲ್ಲರೂ ಮುತ್ತಿಕೊಂಡರು. ಕಡ್ಡಿ ಚುಚ್ಚಿದ ಜಾಮೂನಿನ ಹಾಗಿದೆ ಎಂದು ಯಾರೋ ಅಂದರು. ಹೌದು, ಥೇಟ್ ಹಾಗೆಯೇ ಇತ್ತು.

ಅತ್ತೆ ಮಾತ್ರ ದೂರ ನಿಂತಿದ್ದರು. ‘ಆ ಮಹಾತ್ಮನ ದೃಷ್ಟಿ ಬೀಳ್ಬಾರ್ದು ಅಂತ ಜೀವಮಾನವೆಲ್ಲ ಎಳ್ಳೆಣ್ಣೆ ದೀಪ ಹಚ್ಚಿದ್ದೀನಿ. ಈಗ ನಾನಾಗೇ ಹೋಗಿ ನೋಡ್ಲಾ?’ ನಾನು ಕೈಹಿಡಿದು ಎಳೆದೆ. ಮನಸ್ಸಿನಲ್ಲೇ ಆಂಜನೇಯನನ್ನು ನೆನೆದು, ಒಂದು ಕಣ್ಣು ಮುಚ್ಚಿ ನೋಡಿದರು. ಬಹಳ ಹೊತ್ತು ನೋಡಿದರು.

‘ಪಾಪ’ ಎಂದರು ಕೊನೆಗೆ. ‘ಎಷ್ಟು ಚಿಕ್ಕೋನು.’

ಬೆನ್ ಕೇಳಿದರು, ಈ ಸಲ ಸಾಹೇಬರು ಯಾವಾಗ ಸರಿಮಾಡಿಟ್ಟು ಹೋದರು ಎಂದು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ತಮ್ಮ ಹಿಂದಿಯಲ್ಲಿ ಹೇಳಿದರು, ‘ಸಾಹೇಬ್ ನಹೀಂ. ಮೇರೀ ಬಹೂ. ಅಕೇಲೀ.’ ಸೊಸೆ, ಒಬ್ಬಳೇ. ಒಂದು ವರ್ಷದಿಂದ ನಾನು ಕೇಳಲು ಕಾದಿದ್ದ ಮಾತು ಅದು. ಅದನ್ನು ಹೇಳುತ್ತಿದ್ದವರ ಉಗುರಿನ ಸಂದಿಯಲ್ಲಿ ತಿರುಪಿನ ಗ್ರೀಸು ಇನ್ನೂ ಕಪ್ಪಗಿತ್ತು. ‘ಅಕೇಲೀ ಅಲ್ಲ’ ಎಂದು ಅವರ ಕೈಯನ್ನು ಎತ್ತಿ ಎಲ್ಲರಿಗೂ ತೋರಿಸಿದೆ. ಅತ್ತೆ ನಾಚಿ ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು.

ಸಾಹೇಬರು ಎರಡು ದಿನದ ಮೇಲೆ ಬಂದರು. ಅಷ್ಟರಲ್ಲಿ ಟೆಲಿಸ್ಕೋಪನ್ನು ಕೆಳಗಿಳಿಸಿ, ಅತ್ತೆಯೂ ನಾನೂ ಕನ್ನಡಿಗಳನ್ನು ಮತ್ತೊಮ್ಮೆ ಒಲಿಸಿಟ್ಟಿದ್ದೆವು. ಚೀಲ ಇಳಿಸಿ ನೇರವಾಗಿ ಟೆಲಿಸ್ಕೋಪಿನ ಹತ್ತಿರ ಹೋಗಿ, ಕಪ್ಪು ಮುಚ್ಚಳ ಸಿಕ್ಕಿಸಿ ನೋಡಿದರು. ತಪ್ಪು ಹುಡುಕುವವರಷ್ಟು ಹೊತ್ತು ನೋಡಿದರು. ಸಿಗಲಿಲ್ಲ. ಆದರೂ ಕೈ ಸುಮ್ಮನಿರಬೇಕಲ್ಲ, ಮೆಲ್ಲಗೆ ಒಂದು ತಿರುಪಿನ ಕಡೆ ಹೋಯಿತು.

‘ಏಯ್, ಮೆಟ್ಟಿಲ ಕಡೇದು ಮುಟ್ಬೇಡ!’ ಎಂದರು ಅತ್ತೆ ಅಡುಗೆಮನೆಯಿಂದ.

‘ಮೆಟ್ಟಿಲ ಕಡೇದಾ? ಹಾಗಂದ್ರೇನು?’ ಎಂದು ಅವರು ನನ್ನ ಮುಖ ನೋಡಿದರು. ಅತ್ತೆ ಒದ್ದೆ ಕೈ ಒರೆಸಿಕೊಳ್ಳುತ್ತಾ ಬಂದು, ಕೀಲಿಗೊಂಚಲಿನಿಂದ ಅಲೆನ್ ಕೀಯನ್ನು ಬಿಡಿಸಿಕೊಂಡು, ಬೆಳಕಿಗೆ ಹಿಡಿದು ನೋಡಿ, ‘ತುಕ್ಕು ಹಿಡಿದಿದೆ’ ಎಂದು ದೇವರ ಮನೆಗೆ ಒಯ್ದರು. ಈಗ ಅದು ಅಲ್ಲೇ ಕುಂಕುಮದ ಬಟ್ಟಲಿನ ಪಕ್ಕದಲ್ಲಿದೆ, ಮುಂದಿನ ಆಯುಧಪೂಜೆಗೆ. ನಮ್ಮವರು ಸ್ಕೂಟರು ಹತ್ತುವಾಗ ಏನೋ ಕಳೆದುಕೊಂಡವರಂತೆ ಇವತ್ತಿಗೂ ಒಮ್ಮೆ ಜೇಬು ಮುಟ್ಟಿ ನೋಡಿಕೊಳ್ಳುತ್ತಾರೆ.