ನುಚ್ಚಿಗೆ ಕೊಂಡ ಕೂಸು

ಮೊನ್ನೆ ಮೊನ್ನೆ ನನ್ನ ಮಗಳ ಹೆರಿಗೆಯಾಯಿತು. ಮೂರನೆಯ ದಿನ ನರ್ಸಮ್ಮ ಬಂದು ಕೂಸಿನ ಹಿಮ್ಮಡಿಗೆ ಸ್ಪಿರಿಟ್ ಒರೆಸಿ, ಸಣ್ಣಗೆ ಚುಚ್ಚಿ, ದಪ್ಪ ಕಾಗದದ ಮೇಲಿದ್ದ ಉಂಗುರಗಳೊಳಗೆ ಒಂದೊಂದೇ ಹನಿ ರಕ್ತ ಇಳಿಸಿದಳು.

“ಎದಕ್ಕವ್ವಾ ಇದು?” ಅಂದೆ.

“ಹುಟ್ಟತಾನ ಬರೋ ಜಡ್ಡು ಏನಾರ ಅದಾವೇನಂತ ನೋಡಾಕ್ರಿ.”

“ಜಡ್ಡು ತಡಕೊಳ್ಳೋ ಶಕ್ತಿನ ಇಲ್ದ ಹುಟ್ಟತಾವಲ್ಲ, ಅದನ್ನೂ ನೋಡತಾರೇನು?”

ಆಕೆ ನನ್ನ ಮುಖ ನೋಡಿದಳು. “ಅದು ಇದರಾಗ ಬರಂಗಿಲ್ರಿ. ಬ್ಯಾರೆ ಬರಸಬೇಕು. ಯಾರೂ ಕೇಳಂಗಿಲ್ಲ.”

ಬರೆಸಿದೆ. ಕಾಗದವನ್ನು ಒಣಗಲೆಂದು ಕಿಟಕಿಯ ಹತ್ತಿರ ಇಟ್ಟರು. ಸ್ಪಿರಿಟ್ಟಿನ ವಾಸನೆ ಕೋಣೆಯಲ್ಲಿ ನಿಂತೇ ಇತ್ತು... ಆ ಹನಿಗಳನ್ನು ನೋಡುತ್ತ ಕೂತವಳಿಗೆ ಬಳ್ಳಾರಿ ಗಾಂಧಿನಗರದ ನಮ್ಮ ಹಳೇ ಮನೆಯ ಗೋಡೆಯಾಚೆಗಿದ್ದ ಅಕ್ಕ ನೆನಪಾದಳು.

ಒಂದೇ ಗೋಡೆಯ ಎರಡು ಬಾಡಿಗೆ ಮನೆ ನಮ್ಮವು. ನನಗಿಂತ ಎರಡು ವರ್ಷಕ್ಕೆ ದೊಡ್ಡವಳು, ಸಿರುಗುಪ್ಪದ ಕಡೆಯ ಕೆಂಚನಗುಡ್ಡದ ಮಗಳು. ಗಂಡ ಅದಿರಿನ ಲಾರಿ ಓಡಿಸುತ್ತಿದ್ದ. ಗಣಿ ಜೋರಾಗಿದ್ದ ಕಾಲ. ಒಗೆದು ಹಾಕಿದ ಬಿಳಿ ಪಂಚೆ ಒಣಗುವಷ್ಟರಲ್ಲಿ ಕೆಂಪಾಗುತ್ತಿತ್ತು. ಹಾಲಿನ ಪಾತ್ರೆಗೆ ನಾನು ತಟ್ಟೆ ಮುಚ್ಚಿ, ಅದರ ಮೇಲೆ ಒದ್ದೆ ಬಟ್ಟೆ ಹಾಕುತ್ತಿದ್ದೆ. ನಮ್ಮ ಓಣಿಯ ಯಾವ ಮಗು ಕೆಮ್ಮಿದರೂ ಡಾಕ್ಟರರದು ಒಂದೇ ಮಾತು, “ಧೂಳು.”

ಅಕ್ಕನಿಗೆ ಮೊದಲನೆಯದು ಹೆಣ್ಣು, ಗುಂಡುಕಲ್ಲಿನ ಹಾಗಿದ್ದಳು. ಆಮೇಲೆ ಹುಟ್ಟಿದ ಎರಡು ಗಂಡು ಐದು ತಿಂಗಳು ದಾಟಲಿಲ್ಲ. ಎರಡಕ್ಕೂ ಒಂದೇ ತರಹ. ಒರೆಸಿದರೂ ಹೋಗದ ಅಗ್ರದ ಬಿಳಿ ಪೊರೆ ಬಾಯ ತುಂಬ, ನಿಲ್ಲದ ಭೇದಿ, ಕೊನೆಗೆ ಉಸಿರೇ ಹಿಡಿದುಬಿಡುವ ಕೆಮ್ಮು... ಅದಕ್ಕೂ ಡಾಕ್ಟರರು ಧೂಳೆಂದರು. ಎಲ್ಲರೂ ನಂಬಿದೆವು. ಧೂಳು ಕಣ್ಣಿಗೆ ಕಾಣುತ್ತಿತ್ತಲ್ಲ.

ಎರಡನೆಯದು ಹೋದ ಮೇಲೆ ಅಕ್ಕ ಗಂಡನಿಗೊಂದು ಕಟ್ಟಳೆ ಮಾಡಿದಳು. ಲಾರಿ ಇಳಿದು ಬಂದವನು ಹಿತ್ತಲಲ್ಲೇ ಜಳಕ ಮಾಡಬೇಕು, ಬಟ್ಟೆ ಹೊರಗೇ ಬಿಡಬೇಕು. ಅವಳ ಅತ್ತೆ ನನಗೆ ಕೇಳುವಂತೆಯೇ ಗೊಣಗುತ್ತಿದ್ದಳು. “ದುಡದು ಬಂದಾವನ್ನ ಎಮ್ಮಿ ತೊಳದಂಗ ತೊಳಸ್ತಾಳ ನೋಡವ್ವ ಈಕಿ.”

“ಎಮ್ಮಿಗಾರ ಬೆನ್ನ ತಿಕ್ಕೋರು ಇರತಾರಬೇ!” ಅಂತ ಹಿತ್ತಲಿನಿಂದಲೇ ಅವನು ಕೂಗುತ್ತಿದ್ದ. ಅಕ್ಕ ನಗುತ್ತಿದ್ದಳು. ಆದರೆ ಕಟ್ಟಳೆ ಸಡಿಲಿಸಲಿಲ್ಲ.

ಮೂರನೆಯ ಗಂಡು ಕೆಂಚನಗುಡ್ಡದ ತವರಿನಲ್ಲಿ ಹುಟ್ಟಿತು. ನಮ್ಮ ಕಡೆ ಒಂದು ರೂಢಿ ಉಂಟು. ಸತ್ತವುಗಳ ಬೆನ್ನಿಗೆ ಹುಟ್ಟಿದ ಕೂಸನ್ನು ತಿಪ್ಪೆಯ ಮೇಲೆ ಹಾಕಿ, ಬೇರೆ ಹೆಂಗಸಿನಿಂದ ಒಂದು ಮೊರ ನುಚ್ಚಿಗೆ ಕೊಳ್ಳಿಸುತ್ತಾರೆ. ಕಸದ ಕೂಸೆಂದು ಸಾವು ಅದರ ಕಡೆ ತಿರುಗಿ ನೋಡುವುದಿಲ್ಲವಂತೆ. ಕೊಳ್ಳುವವಳ ಮಕ್ಕಳು ಗಟ್ಟಿಯಾಗಿರಬೇಕು. ಅತ್ತೆ ನನ್ನನ್ನು ಆರಿಸಿದಳು.

ಸಿರುಗುಪ್ಪದಲ್ಲಿ ಬಸ್ಸಿಳಿದು, ಅಕ್ಕಿ ಗಿರಣಿಯಲ್ಲಿ ನುಚ್ಚು ಕಟ್ಟಿಸಿಕೊಂಡು ಹೋದೆ. ಹನ್ನೊಂದು ದಿನದ ಕೂಸು ಹಸಿ ಸಗಣಿಯ ಮೇಲೆ ಅಂಗಾತ ಮಲಗಿ ಆಕಳಿಸುತ್ತಿತ್ತು. ಮೊರದ ನುಚ್ಚು ಸುರಿದು ಎತ್ತಿಕೊಂಡೆ. ಬೆನ್ನಿಗೆ ಅಂಟಿದ್ದನ್ನು ಸೆರಗಿನಿಂದ ಒರೆಸಿದೆ. ತಿಪ್ಪೇಶ ಎಂದು ಕರೆದರು.

“ಇನ್ನ ನೀನ ಅವ್ವ, ನಾ ಬರೇ ಹಾಲು ಕುಡಿಸಾಕಿ,” ಅಂದಳು ಅಕ್ಕ. ಅಷ್ಟು ನಿರಾಳವಾದ ಮುಖ ಅವಳದು ನಾನು ಮತ್ತೆ ನೋಡಲಿಲ್ಲ.

ಗಾಂಧಿನಗರಕ್ಕೆ ಬಂದ ಮೇಲೆ ಆ ಕೂಸನ್ನು ಅಪ್ಪ ಎತ್ತಿಕೊಳ್ಳಲೇ ಇಲ್ಲ. ಜಳಕ ಮಾಡಿ ಬಂದರೂ ಉಗುರ ಸಂದಿಯ ಕೆಂಪು ನೋಡಿಕೊಂಡು ದೂರ ಕೂಡುತ್ತಿದ್ದ. ಮೂರು ತಿಂಗಳಿಗೆ ಬಾಯಲ್ಲಿ ಮತ್ತೆ ಅದೇ ಬಿಳಿ ಅಗ್ರ. ಹುಟ್ಟಿದಾಗ ತೋಳಿಗೆ ಹಾಕಿದ್ದ ಕ್ಷಯದ ಲಸಿಕೆಯ ಗಾಯ ಮಾಯದೆ ಕೀವಾಗಿ, ಕಂಕುಳಲ್ಲಿ ಗಡ್ಡೆ ಎದ್ದಿತು. ಬಳ್ಳಾರಿಯ ಡಾಕ್ಟರು ದೂರದ ದೊಡ್ಡಾಸ್ಪತ್ರೆಗೆ ಬರೆದುಕೊಟ್ಟರು. ಗಂಡ ಲಾರಿಯ ಮೇಲೆ ಹೋಗಿದ್ದ. ಕೊಂಡವಳು ನಾನಲ್ಲವೇ, ನಾನೇ ಜೊತೆಗೆ ಹೊರಟೆ.

ಮೂರೂ ಕೂಸುಗಳ ಚೀಟಿಗಳನ್ನು ತಾರೀಖಿನ ಪ್ರಕಾರ ಜೋಡಿಸಿ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟಿದ್ದವಳು ನಾನು. ಅಲ್ಲಿನ ಡಾಕ್ಟರಮ್ಮ ಎರಡನೆಯದರ ರಕ್ತದ ಚೀಟಿ ತೆಗೆದು ಒಂದು ಸಾಲಿನ ಮೇಲೆ ಬೆರಳಿಟ್ಟರು. “ಈ ಕಣಗಳು ಎಷ್ಟು ಕಮ್ಮಿ ಇವೆ ನೋಡಿ. ಆಗ ಯಾರೂ ನೋಡಲಿಲ್ಲವಾ?”

ಅಕ್ಕ ಒಳಗೆ ಕೂಸಿನ ಹತ್ತಿರ ಇದ್ದಳು, ಅವರು ನನ್ನೊಬ್ಬಳಿಗೇ ಬಿಡಿಸಿ ಹೇಳಿದರು. ಇದು ಧೂಳಿನದಲ್ಲ. ರೋಗದ ಜೊತೆ ಹೊಡೆದಾಡುವ ಕಣಗಳೇ ಈ ಕೂಸುಗಳಲ್ಲಿ ಬೆಳೆಯುವುದಿಲ್ಲ. ದೋಷ ತಾಯಿಯ ರಕ್ತದಲ್ಲಿ ಇರುತ್ತದೆ, ಅವಳಿಗೆ ಏನೂ ಆಗುವುದಿಲ್ಲ. ಗಂಡುಮಕ್ಕಳಿಗೆ ಬರಬಹುದು. ಹೆಣ್ಣುಮಕ್ಕಳು ಅವಳ ಹಾಗೆಯೇ ಹೊತ್ತುಕೊಂಡು ಹೋಗಬಹುದು. ಹುಟ್ಟಿದೊಡನೆ ರಕ್ತ ನೋಡಿದ್ದರೆ ಆ ಲಸಿಕೆ ಹಾಕುತ್ತಿರಲಿಲ್ಲ, ಕೂಸನ್ನು ಸೋಂಕಿನಿಂದ ಕಾಪಾಡಿ, ಮೊದಲ ಹುಡುಗಿಯ ಮೂಳೆಯ ಮಜ್ಜೆ ಹೊಂದಿದರೆ ಅದನ್ನೇ ಹಾಕಬಹುದಿತ್ತು. ಬದುಕುವ ದಾರಿ ಇತ್ತು. ಆ ದಾರಿ ನನ್ನ ಕವರಿನೊಳಗೇ ಇತ್ತು. ಚೀಟಿ ಜೋಡಿಸಲು ಬರುತ್ತಿತ್ತು ನನಗೆ, ಓದಲು ಬರುತ್ತಿರಲಿಲ್ಲ.

ನಾಲ್ಕನೆಯ ದಿನ ತಿಪ್ಪೇಶ ಹೋದ.

ಮಣ್ಣು ಮಾಡಿ ಬಂದ ಮೇಲೆ ಅತ್ತೆ ಕೇಳಿದಳು. “ಡಾಕ್ಟರು ಏನಂದ್ರವ್ವ?” ಏನು ಕೇಳಿದರೂ ಮೊದಲಿನಿಂದ ಕೊನೆಯವರೆಗೆ ಬಿಡದೆ ಹೇಳುವ ಗುಣ ನನ್ನದು. ಧೂಳಲ್ಲ ಅಂದೆ. ಅಕ್ಕನ ಗಂಡನ ಎದೆಯ ಭಾರ ಇಳಿಯಲಿ ಅಂತಲೂ ಇತ್ತು ಮನಸ್ಸಿನಲ್ಲಿ. ತಾಯಿಯ ರಕ್ತ ಅಂತಲೂ ಹೇಳಿಬಿಟ್ಟೆ.

ಅತ್ತೆ ಎದ್ದು ಅಕ್ಕನ ಕಡೆ ತಿರುಗಿ ನಿಂತಳು. “ಅಲಲಲೇ! ಇಷ್ಟು ದಿನ ನನ್ನ ಮಗನ್ನ ಹೊಸ್ತಿಲ ಹೊರಗ ನಿಂದರಿಸಿದ್ಯಲ್ಲ, ವಿಷಾ ನಿನ್ನೊಳಗ ಇಟಗೊಂಡು?”

ಮರುದಿನ ಲಾರಿಯಿಂದ ಇಳಿದ ಅವಳ ಗಂಡ ಜಳಕ ಮಾಡದೆ, ಕೆಂಪು ಬಟ್ಟೆಯಲ್ಲೇ, ಚಪ್ಪಲಿ ಸಹಿತ ನಡುಮನೆಗೆ ನಡೆದುಹೋದ. ಅಕ್ಕ ಗೋಡೆಗೆ ಒರಗಿ ಆ ಹೆಜ್ಜೆಗಳನ್ನು ನೋಡುತ್ತಿದ್ದಳು. ಬಾಗಿಲಲ್ಲಿ ನಿಂತಿದ್ದ ನನಗೆ ಅಷ್ಟೇ ಅಂದಳು, “ನನಗೊಬ್ಬಾಕಿಗೆ ಹೇಳಿದ್ರ ಸಾಕಾಗಿತ್ತಲ್ಲ ತಂಗಿ.”

ತಿಂಗಳೊಳಗೆ ಅವಳನ್ನೂ ಹುಡುಗಿಯನ್ನೂ ಕೆಂಚನಗುಡ್ಡಕ್ಕೆ ಕಳಿಸಿದರು. ಮರುವರ್ಷ ಅವನಿಗೆ ಬೇರೆ ಮದುವೆಯಾಯಿತು. ಅಕ್ಕ ಅಲ್ಲಿಯೇ ಗದ್ದೆ ನಾಟಿಗೆ ಹೋಗುತ್ತ ಇದ್ದಳಂತೆ. ಹೋಗಿ ಮುಖ ತೋರಿಸಬೇಕು ಅನ್ನುತ್ತಲೇ ವರ್ಷಗಳು ಕಳೆದವು... ಜ್ವರದಲ್ಲಿ ತೀರಿಕೊಂಡಳು ಎಂಬ ಸುದ್ದಿ ನನಗೆ ಮುಟ್ಟಿದ್ದು ಆರು ತಿಂಗಳು ತಡವಾಗಿ. ಹುಡುಗಿಯನ್ನು ಕುರುಗೋಡಿಗೆ ಕೊಟ್ಟಿದ್ದಾರೆ ಎಂಬುದೂ ಆಗಲೇ ತಿಳಿಯಿತು.

ಮಗಳ ಕೂಸಿನ ವರದಿ ಬಂತು, ಎಲ್ಲ ಸರಿ ಇತ್ತು. ಆ ರಾತ್ರಿಯಿಡೀ ಕುರುಗೋಡಿನ ಹುಡುಗಿಯದೇ ಯೋಚನೆ. ಹೇಳಿದರೆ ಮನೆ ಮುರಿಯುತ್ತದೆ ಎಂದು ಕಂಡಿದ್ದೆ. ಹೇಳದಿದ್ದರೆ ಕೂಸು... ಮರುವಾರ ಬಸ್ಸು ಹತ್ತಿದೆ.

ಬಾಗಿಲು ತೆರೆದವಳು ನನ್ನನ್ನು ಗುರುತು ಹಿಡಿದಳು. “ಚಿಗವ್ವ, ಬರ್ರಿ.” ಒಳಗೆ ಅವಳ ಅತ್ತೆ ಅವರೆಕಾಯಿ ಸುಲಿಯುತ್ತಿದ್ದಳು. ಚಹಾ ಕುಡಿದೆ, ನನ್ನ ಮೊಮ್ಮಗನ ಸುದ್ದಿ ಹೇಳಿದೆ, ಕಾದೆ. ಅತ್ತೆ ಹಾಲಿಗೆಂದು ಹೊರಗೆ ಹೋದ ಮೇಲೆ ಅವಳ ಪಕ್ಕಕ್ಕೆ ಸರಿದು, ಈ ಸಲ ಅವಳೊಬ್ಬಳಿಗೇ, ಮೊದಲಿನಿಂದ ಶುರು ಮಾಡಿದೆ.

ಅರ್ಧಕ್ಕೇ ತಡೆದಳು. “ಗೊತ್ತೈತಿ ಚಿಗವ್ವ. ಅವ್ವ ಎಲ್ಲಾ ಹೇಳಿದ್ಲು. ಯಾರ ಮುಂದೂ ಬಾಯಿ ಬಿಡಬ್ಯಾಡ ಅಂತಾನೂ ಹೇಳಿದ್ಲು.”

“ಗಂಡು ಹುಟ್ಟಿದ್ರ ಆ ದಿನಾನ ರಕ್ತ ತೋರಸಬೇಕವ್ವ...”

“ಹುಟ್ಟಿತ್ತು. ಹೋದ ವರ್ಷ.” ಅವಳು ಅವರೆಸಿಪ್ಪೆಯನ್ನು ಒಟ್ಟು ಮಾಡುತ್ತಿದ್ದಳು. “ರಕ್ತ ಯಾಕ ನೋಡಬೇಕು ಅಂತ ಕೇಳ್ತಿದ್ರು ಮನ್ಯಾಗ. ಏನಂತ ಹೇಳಲಿ? ಹೇಳಿದ್ರ ನನ್ನೂ ತವರಿಗೆ ಕಳಸ್ತಿದ್ರು. ತವರಾಗ ಯಾರದಾರ?”

“ಎಷ್ಟು ತಿಂಗಳಿಗೆ...?”

“ನಾಲ್ಕು ತುಂಬಿದ್ವು.”

ಹೊರಗೆ ಅವಳ ಅತ್ತೆಯ ಚಪ್ಪಲಿಯ ಸಪ್ಪಳ ಕೇಳಿಸಿತು. ಹುಡುಗಿ ಕಣ್ಣೊರೆಸಿಕೊಂಡು, ಎಂದಿನ ದನಿಯಲ್ಲಿ, ಬಸ್ಸು ಎಷ್ಟೊತ್ತಿಗೈತಿ ಚಿಗವ್ವ ಅಂದಳು.