ಸವರದೆ ಬಿಟ್ಟ ಒಂದು ಮೊಳ ಬದು

ಬೆಳಿಗ್ಗೆ ಅಲಮಾರಿಯಲ್ಲಿ ಕೊಡೆ ಹುಡುಕುತ್ತಿದ್ದವಳ ಕೈಗೆ ಹಳೆಯ ಪೇಪರಿನ ಕಟ್ಟೊಂದು ಸಿಕ್ಕಿತು. ಬಿಚ್ಚಿದೆ, ಒಳಗೆ ಒಣಗಿದ ಗಿಡ. ತುಳಸಿಯದೂ ಅಲ್ಲದ, ಓಮದ್ದೂ ಅಲ್ಲದ ಆ ವಾಸನೆ ಬಂದದ್ದೇ ಕೊಡೆ ಮರೆತುಹೋಯಿತು. ನಗಬೇಡಿ, ಮೂರು ವರ್ಷ ನಾನು ಈ ವಾಸನೆಯ ಬೆನ್ನು ಹತ್ತಿದವಳು.

ದಾಂಡೇಲಿಯ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುತ್ತೇನೆ. ಮುಂಡಗೋಡದ ಕಡೆ, ಮಳಗಿಯ ಹತ್ತಿರ ಗದ್ದೆಯ ಬದುವಿನ ಮೇಲೆ ಈ ಗಿಡ ಕಂಡಾಗ, ಉದ್ಯಾನಗಳಲ್ಲಿ ಕೆಂಪಗೆ ಅರಳುವ ಸಾಲ್ವಿಯಾದ ಬಳಗವೆಂದು ಗೊತ್ತಾಯಿತು. ಆದರೆ ಇದರ ಹೂವು ತಿಳಿನೀಲಿ, ಎಲೆಯ ಹಿಂಬದಿಗೆ ಬೂದು ರೋಮ. ಯಾವ ಪುಸ್ತಕದಲ್ಲೂ ಇಂಥದ್ದಿರಲಿಲ್ಲ. ಪೇಪರಿನಲ್ಲಿ ಒತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆ. ಮನೆಯಲ್ಲಿ ಬಿಚ್ಚಿದರೆ ಹೂವೆಲ್ಲ ಉದುರಿ ಮುದ್ದೆಯಾಗಿದ್ದವು. ಹೂವಿನ ಒಳಗನ್ನು ಅಳೆಯದೆ ಹೊಸ ಜಾತಿ ಎಂದರೆ ಯಾರೂ ಒಪ್ಪುವುದಿಲ್ಲ.

ಮರುವರ್ಷ ಹೋದರೆ ಬದು ಬೋಳು. ಸೀಗಿ ಹುಣ್ಣಿಮೆಗೆ ಗದ್ದೆಯಲ್ಲಿ ಪೂಜೆ ಮಾಡುವ ಮುಂಚೆ ಬದು ಸವರಿ ಚೊಕ್ಕ ಮಾಡುವುದು ಅಲ್ಲಿಯ ಪದ್ಧತಿ. ಗಿಡ ಹೂಬಿಡುವುದೂ ಆಗಲೇ. ಸವರಿದ್ದು ಗೊಬ್ಬರದ ಗುಂಡಿ ಸೇರಿತ್ತು. ಕಾಲೇಜು ಮೇಷ್ಟರಿಕೆ ಮರೆತು ಅಲ್ಲೇ ಕುಕ್ಕರಿಸಿ ಅತ್ತುಬಿಟ್ಟೆ. ಪಕ್ಕದಲ್ಲಿ ಕಳೆ ಕೀಳುತ್ತಿದ್ದ ಸಿದ್ದಿ ಹೆಂಗಸು ರೋಜಾಬಾಯಿ ಓಡಿಬಂದಳು. ಬದು ಸವರಿದವಳೂ ಅವಳೇ.

“ಯಾಕ್ರಿ ಅಕ್ಕಾರ, ಏನ್ ಕಳಕೊಂಡ್ರಿ?”

ಹೇಳಿದೆ. ಕುಡುಗೋಲಿನ ತುದಿಯಿಂದ ಮಣ್ಣು ಕೆದರಿ ಬುಡ ತೋರಿಸಿದಳು. “ಬೇರ ಜೀವಂತ ಐತಿ. ಮುಂದಿನ ವರ್ಷ ಬರ್ರಿ, ನಾ ಕಾಯ್ತೇನಿ.”

ಮೂರನೆಯ ವರ್ಷ ಬದುವೆಲ್ಲ ಬೋಳು, ನಡುವೆ ಒಂದು ಮೊಳ ಮಾತ್ರ ನೀಲಿ. ಅಲ್ಲೇ ಕೂತು ಹೂಗಳನ್ನು ಅಳೆದೆ, ಕೆಲವನ್ನು ಸ್ಪಿರಿಟ್ ಬಾಟಲಿಗೆ ಹಾಕಿದೆ. ಒಂದರೊಳಗೆ ಹುಲ್ಲುಕಡ್ಡಿ ತೂರಿಸಿದರೆ ಕೇಸರಗಳು ಬಾಗಿ ಕಡ್ಡಿಗೆ ಪರಾಗ ಬಳಿದವು. ನಾನು ಹಿಗ್ಗಿದರೆ ರೋಜಾಬಾಯಿಗೆ ಏನೂ ಆಶ್ಚರ್ಯವಿಲ್ಲ. “ದಿನಾ ನೋಡೇನ್ರಿ. ಹುಳ ಒಳಗ ಹೊಕ್ಕರ ಹೂವ ಹಿಂಗ ಅದರ ಬೆನ್ನ ಚಪ್ಪರಿಸ್ತೈತಿ.”

ಆಮೇಲೆ ಮೆಲ್ಲಗೆ ಹೇಳಿದಳು: “ಬದು ಪೂರಾ ಸವರಲಿಲ್ಲಂತ ಮಾಲಕ್ರು ಕೆಲಸಕ್ಕ ಬರಬ್ಯಾಡ ಅಂದಾರ್ರಿ. ಇರಲಿ, ನನಗ ಇನ್ನೊಂದ ಗದ್ದಿ ಸಿಗತೈತಿ. ಇದಕ ಎಲ್ಲಿ ಸಿಗತೈತಿ? ಹೊಸದು ಅಂತ ಖಾತ್ರಿ ಆದ ಮ್ಯಾಲ ಅವರಿಗೊಂದ ಚೀಟಿ ಬರದ ಕೊಡ್ರಿ. ಇಲ್ಲಾಂದ್ರ ಬರೂ ವರ್ಷ ಬ್ಯಾರೆಯವರು ಸವರ್ತಾರ.”

ಆಗಲಿ ಅಂದೆ. ಅಂದು ಬಂದವಳು ಎಲೆಯ ರೋಮ ಅಳೆಯುತ್ತ ಕೂತೆ. ಕಳೆದ ತಿಂಗಳು ವರ್ಣನೆ ಅಚ್ಚಾಗಿ ಬಂತು, ಗಿಡಕ್ಕೆ ಹೆಸರಾಯಿತು, ಸ್ಟಾಫ್‌ರೂಮಿನಲ್ಲಿ ಪೇಡೆ ಹಂಚಿದ್ದಾಯಿತು. ಚೀಟಿ ಮಾತ್ರ ಬರೆದಿರಲಿಲ್ಲ. ಇಂಗ್ಲಿಷಿನಲ್ಲಿ ಎಂಟು ಪುಟ ಬರೆದವಳಿಗೆ ಕನ್ನಡದಲ್ಲಿ ನಾಲ್ಕು ಸಾಲು ಬರೆಯಲು ಪುರುಸೊತ್ತಿರಲಿಲ್ಲ. ನನ್ನ ಬಗ್ಗೆ ನನಗೇ ನಾಚಿಕೆಯಾಯಿತು.

ಹುಣ್ಣಿಮೆಗೆ ಇನ್ನು ಐದೇ ದಿನ. ಕೂತು ಬರೆದೆ: “ನಿಮ್ಮ ಬದುವಿನ ಮೇಲಿನ ನೀಲಿ ಹೂವಿನ ಗಿಡವನ್ನು ಇದುವರೆಗೆ ಬೇರೆಲ್ಲೂ ಯಾರೂ ಕಂಡಿಲ್ಲ. ದಯವಿಟ್ಟು ಸವರಬೇಡಿ. ಅದರ ಹೂವಿನ ಗುಟ್ಟನ್ನು ಮೊದಲು ಕಂಡವಳು ರೋಜಾಬಾಯಿ. ಆ ಒಂದು ಮೊಳ ಬಿಟ್ಟದ್ದು ಅವಳ ತಪ್ಪಲ್ಲ. ಅವಳನ್ನು ಕೆಲಸಕ್ಕೆ ಕರೆಯಿರಿ.”

ಕೊಡೆ ಸಿಗಲಿಲ್ಲ. ಮುಂಡಗೋಡದ ಬಸ್ಸಿನಲ್ಲಿ ಕೂತಿದ್ದೇನೆ. ಚೀಟಿಯನ್ನು ಬರೀ ಕೊಟ್ಟು ಬರುವುದಿಲ್ಲ. ರೋಜಾಬಾಯಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಮಾಲಕರ ಮುಂದೆ ಗಟ್ಟಿಯಾಗಿ ಓದಿಯೇ ಬರುತ್ತೇನೆ.