ಗಾಜಿನ ಮೇಲೆ ನಿಂತ ನಲವತ್ತು

ಬೆಳಕು ಈಗಷ್ಟೇ ಹರಿಯುತ್ತಿದೆ. ಸಿಂಧನೂರಿನ ಮಸ್ಕಿ ರಸ್ತೆಯ ತಗಡಿನ ಶೆಡ್ಡಿನಲ್ಲಿ ಶಿವಕುಮಾರಿ ಕಾರೊಂದರ ಸ್ಟಿಯರಿಂಗ್ ಕೆಳಗೆ ತಲೆ ತೂರಿಸಿ ಅಂಗಾತ ಮಲಗಿದ್ದಾರೆ. ಸೀರೆಯ ಮೇಲೆ ಗಂಡನ ಹಳೆ ಅಂಗಿ, ಬಾಯಲ್ಲಿ ಟಾರ್ಚ್. ಕಾರು ತುರ್ವಿಹಾಳದ ಭತ್ತದ ವ್ಯಾಪಾರಿಯದು. ಗೋದಾಮಿನ ಪಕ್ಕ ನಿಲ್ಲಿಸಿದ್ದಕ್ಕೆ ಇಲಿಗಳು ವೈರು ಕಡಿದಿವೆ. ಟಾರ್ಚ್ ತೆಗೆದು ನಗುತ್ತಾ ಹೊರಬರುತ್ತಾರೆ: "ಸುಗ್ಗಿ ಮುಗೀತಂದ್ರ ರೈತರಿಗೆ ಪುರಸತ್ತು. ಇಲಿಗೂ ನನಗೂ ದಗದ ಶುರು."

ಬಳಗಾನೂರು ಅವರ ತವರು. ಓದಿದ್ದು ಹತ್ತನೆಯ ತರಗತಿ. ಗಂಡ ಶಿವಕಾಂತ ಟೆಂಪೊ ಓಡಿಸುತ್ತಿದ್ದರು; ಬೆನ್ನಿಗೆ ಪೆಟ್ಟಾಗಿ ಸೀಟಿನಲ್ಲಿ ಕೂರಲಾಗದ ಸ್ಥಿತಿ ಬಂದಾಗ ಶಿವಕುಮಾರಿ ಕಸ ಹೊಡೆಯುವ ಕೆಲಸಕ್ಕೆಂದು, ಗಾಡಿಗಳ ವೈರಿಂಗ್ ರಿಪೇರಿ ಮಾಡುತ್ತಿದ್ದ ದಾವಲ್‌ಸಾಬರ ಈ ಶೆಡ್ಡಿಗೆ ಬಂದರು. ಕಸಬರಿಗೆ ಹಿಡಿದ ಕೈಗೆ ಸಾಬರು ಒಂದು ದಿನ ಟೆಸ್ಟರ್ ಕೊಟ್ಟರು. ಹೆಂಗಸನ್ನು ಕಂಡು ಗಿರಾಕಿಗಳು ಗಾಡಿ ತಿರುಗಿಸಿಕೊಂಡು ಹೋದದ್ದೂ ಉಂಟು. ಆಗೆಲ್ಲ ಸಾಬರದು ಒಂದೇ ಮಾತು: "ಮುಟ್ಟಿದ ಕೈ ಹೆಂಗಸರದೋ ಗಂಡಸರದೋ ತಂತಿಗೆ ಗೊತ್ತಾಗಂಗಿಲ್ಲ." ಈಗ ಸಾಬರ ಕಣ್ಣು ಮಂಜಾಗಿದೆ. ಶೆಡ್ಡು ನಡೆಸುವವರು ಇವರೇ.

ಈಚೆಗೆ ಹಲವು ಗಾಡಿಗಳಲ್ಲಿ ವೇಗದ ಅಂಕಿ ಚಾಲಕನ ಎದುರಿನ ಗಾಜಿನ ಮೇಲೆಯೇ ಬೆಳಕಾಗಿ ಮೂಡುತ್ತದೆ. ರಸ್ತೆಯಿಂದ ಕಣ್ಣು ಕೀಳಬೇಕಿಲ್ಲ. ಅದು ಹೇಗೆಂದು ಕೇಳಿದರೆ ಶಿವಕುಮಾರಿ ಒಂದಕ್ಕೊಂದು ಸುತ್ತಿದ ಎರಡು ತೆಳು ತಂತಿ ತೋರಿಸುತ್ತಾರೆ. "ಗಾಲಿ ಎಷ್ಟು ಜೋರು ತಿರಗತೈತಿ ಅನ್ನೋ ಸುದ್ದಿ ಇದರಾಗ ಒಂದರ ಹಿಂದ ಒಂದು ಸಾಲಾಗಿ ಬರತೈತ್ರಿ. ಈ ಹೆಣಿಗಿ ಬಿಚ್ಚಬಾರದು. ಬಿಚ್ಚಿದ್ರ ಪಕ್ಕದ ವೈರಿನ ಗದ್ದಲ ಒಳಗ ಸೇರತೈತಿ."

ಇದು ಅವರಿಗೆ ಮನದಟ್ಟಾದದ್ದು ಹೋದ ವರ್ಷ. ಲಿಂಗಸುಗೂರಿನಿಂದ ರೋಗಿಯನ್ನು ಕರೆತರುತ್ತಿದ್ದ ಖಾಸಗಿ ಆಂಬುಲೆನ್ಸ್ ಮಸ್ಕಿ ದಾಟಿ ಕಾಲುವೆಯ ತಿರುವಿನಲ್ಲಿ ವೇಗ ಹೆಚ್ಚಾಗಿ ಗದ್ದೆಗೆ ಇಳಿದುಬಿಟ್ಟಿತು. ರೋಗಿ ಉಳಿದರು, ಜೊತೆಗಿದ್ದ ಅವರ ಅಕ್ಕ ಬಸವಣ್ಣೆಮ್ಮನ ಕೈ ಮುರಿಯಿತು. ಗಾಜಿನ ಮೇಲೆ ನಲವತ್ತೇ ಇತ್ತೆಂದು ಚಾಲಕ ವೆಂಕೋಬ ಅಂಗಲಾಚಿದರೂ ಮಾಲೀಕ ನಂಬಲಿಲ್ಲ. ಸುಳ್ಳು ಹೇಳುವವನಿಗೆ ಗಾಡಿ ಕೊಡುವುದಿಲ್ಲ ಎಂದುಬಿಟ್ಟ.

ರಿಪೇರಿಗೆ ಬಂದ ಗಾಡಿಯನ್ನು ಶಿವಕುಮಾರಿ ಓಡಿಸಿ ನೋಡಿದರು. ಅಂಕಿ ಸರಿಯಾಗಿಯೇ ಬಂತು. ಜೊತೆಗೆ ಬಂದಿದ್ದ ವೆಂಕೋಬನ ಮುಖ ಸಪ್ಪಗಾಯಿತು. ಅವನನ್ನು ಕೂರಿಸಿಕೊಂಡು ಆ ದಿನ ಏನೇನು ನಡೆಯಿತೆಂದು ಒಂದೊಂದಾಗಿ ಕೇಳುತ್ತಾ ಹೋದಾಗ ನೆನಪಾಯಿತು: ಅಂದು ಸೈರನ್ ಹಾಕಿತ್ತು. ಇಬ್ಬರೂ ಮತ್ತೆ ಹೊರಟರು, ಸೈರನ್ ಕೂಗಿಸುತ್ತಾ. ಕೆಳಗಿನ ಮೀಟರಿನ ಮುಳ್ಳು ಏರುತ್ತಿತ್ತು. ಗಾಜಿನ ಮೇಲಿನ ಅಂಕಿ ಮಾತ್ರ ಅಲ್ಲಾಡಲಿಲ್ಲ.

ಬಿಚ್ಚಿದಾಗ ಕಾರಣ ಸಿಕ್ಕಿತು. ಗಾಜಿಗೆ ಸುದ್ದಿ ತರುವ ತಂತಿ ತುಂಡಾದಾಗ ಹಿಂದೆ ಯಾರೋ ಅದಕ್ಕೆ ಹೆಣಿಗೆಯಿಲ್ಲದ ಸಾದಾ ವೈರು ಸೇರಿಸಿ, ಸೈರನ್ನಿನ ತಂತಿಗೇ ಒತ್ತಿ ಕಟ್ಟಿದ್ದರು. ಅದನ್ನು ಕಿತ್ತು ಹೊಸದು ಹೆಣೆದು ಸೈರನ್ನಿನಿಂದ ದೂರವಾಗಿ ಎಳೆದರೂ ಅವರಿಗೆ ಸಮಾಧಾನವಾಗಲಿಲ್ಲ. ಸುದ್ದಿ ಬಾರದಿದ್ದಾಗ ಗಾಜು ಹಳೆಯ ಅಂಕಿಯನ್ನೇ ಏಕೆ ತೋರಿಸಬೇಕು? ಸಾಧನ ತಯಾರಿಸಿದ ಕಂಪನಿಗೆ ಫೋನ್ ಹಚ್ಚಿದರು. ಜಯಶ್ರೀ ಎಂಬ ಎಂಜಿನಿಯರ್ ಎಲ್ಲವನ್ನೂ ಕೇಳಿಸಿಕೊಂಡು, ಸೆಟ್ಟಿಂಗ್ ಬದಲಿಸುವುದನ್ನು ವಿಡಿಯೊ ಕರೆಯಲ್ಲಿ ಕಲಿಸಿದರು. ಮಾಲೀಕ ಗಾಡಿಗಾಗಿ ಅವಸರ ಮಾಡಿದಾಗ ಶಿವಕುಮಾರಿ ಚಾವಿ ಕೊಡಲಿಲ್ಲ. ಪಕ್ಕದ ಸೀಟಿನಲ್ಲಿ ಅವನನ್ನೇ ಕೂರಿಸಿ, ತಂತಿ ಕಳಚಿ ತೋರಿಸಿದರು. ಗಾಜು ಖಾಲಿಯಾಯಿತು.

"ತಪ್ಪು ಹೇಳೋದಕ್ಕಿಂತ ಸುಮ್ಮನಿರೋದು ಚಲೋ ಅಲ್ಲೇನ್ರಿ?" ಎಂದರಂತೆ.

ಮಾಲೀಕ ವೆಂಕೋಬನ ಭುಜದ ಮೇಲೆ ಕೈ ಇಟ್ಟು ಚಾವಿ ಅವನಿಗೇ ಕೊಟ್ಟ. ಈಗ ಸಿಂಧನೂರು, ಮಸ್ಕಿ, ಲಿಂಗಸುಗೂರು ಮೂರೂ ತಾಲ್ಲೂಕಿನ ಆಂಬುಲೆನ್ಸುಗಳು ಈ ಶೆಡ್ಡಿಗೆ ಬರುತ್ತವೆ. ಕಾಲುವೆ ರಸ್ತೆಯಲ್ಲಿ ಸೈರನ್ ಕೇಳಿದರೆ ಊರವರು ಗಾಬರಿಯಾಗುವುದಿಲ್ಲ. ಶಿವಕುಮಾರಿ ಗಾಡಿ ಓಡಿಸಿ ನೋಡುತ್ತಿದ್ದಾಳೆ ಅನ್ನುತ್ತಾರೆ.

ಈ ಗಾಜಿನ ವಿದ್ಯೆ ಮೊದಲು ಯುದ್ಧವಿಮಾನಗಳಲ್ಲಿತ್ತೆಂದು ಜಯಶ್ರೀ ಹೇಳಿದಂದಿನಿಂದ ಅವರಿಗೆ ಒಂದು ಆಸೆ ಹತ್ತಿದೆ. ವಿಮಾನ ಏರಬೇಕೇನು ಎಂದರೆ ಅಂಗಿಗೆ ಕೈ ಒರೆಸಿಕೊಳ್ಳುತ್ತಾ ಇಲ್ಲವೆಂದು ತಲೆಯಾಡಿಸುತ್ತಾರೆ.

"ಹತ್ತಿ ಏನ್ಮಾಡಲ್ರಿ? ಒಂದ್ಸಲ ಅದರ ವೈರಿಂಗ್ ಬಿಚ್ಚಿ ನೋಡಾಕ ಕೊಟ್ರ ಸಾಕು. ಹೆಂಗಿತ್ತೋ ಹಂಗ ಜೋಡಿಸಿ ಕೊಡ್ತೀನಿ."